ಐದನೆಯ ಪ್ರಯಾಣಿಕ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಿದ್ಯಾರ್ಥಿಗಳು ಹೇಳುವುದು ಸುಳ್ಳಲ್ಲ. ಟೈರ್ ಅಂಗಡಿಯ ಮಹಡಿಯ ಮೇಲೆ ಒಂದೇ ಒಂದು ಕೋಣೆ, ಕೆಳಗೆ ಗಾಳಿ ತುಂಬುವ ಯಂತ್ರದ ಅರಚಾಟ. ಅಲ್ಲಿ ಕೂತು ಪೈಲಟ್ ಆಗಬೇಕೆನ್ನುವವರಿಗೆ ಲೆಕ್ಕ ಕಲಿಸಿ ನೋಡಿ, ನಿಮಗೂ ಕೋಪ ಬರುತ್ತದೆ. ವಿಮಾನ ಎಷ್ಟು ಭಾರ ಹೊರಬಹುದು, ಎಷ್ಟು ಇಂಧನ ಬೇಕು, ಈ ಬಿಸಿಲಿಗೆ ಈ ರನ್‌ವೇ ಸಾಲುತ್ತದೆಯೇ? ಥಿಯರಿ ಪರೀಕ್ಷೆಯ ಈ ಪತ್ರಿಕೆಯಲ್ಲಿ ಮುಗ್ಗರಿಸುವವರೇ ಹೆಚ್ಚು.

ಆದರೆ ಸೈರನ್‌ನ ಹಾಗೆ ಮುಗ್ಗರಿಸಿದವರನ್ನು ನಾನು ಕಂಡಿಲ್ಲ. ಅದು ಹುಡುಗರು ಇಟ್ಟ ಹೆಸರು; ಅವನು ಆಸ್ಪತ್ರೆಯೊಂದರ ಆಂಬ್ಯುಲೆನ್ಸ್ ಓಡಿಸುತ್ತಿದ್ದ. ಮೂವತ್ತು ದಾಟಿದ ಮೇಲೆ, ರೋಗಿಗಳನ್ನು ಸಾಗಿಸುವ ವಿಮಾನ ಹಾರಿಸಬೇಕೆಂದು ಹಟ ಹಿಡಿದು ಬಂದಿದ್ದ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ, ಗಂಡ ಓದಲೆಂದು ಎರಡು ಪಾಳಿ ದುಡಿಯುತ್ತಿದ್ದಳು. ಉಳಿದ ಪತ್ರಿಕೆಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಪಾಸು ಮಾಡಿದವನು ಇದೊಂದರಲ್ಲಿ ಮತ್ತೆ ಮತ್ತೆ ಬಿದ್ದ. ಈಗ ಉಳಿದಿದ್ದು ಕೊನೆಯ ಅವಕಾಶ. ಈ ಸಲವೂ ಬಿದ್ದರೆ ಪಾಸಾದ ಪತ್ರಿಕೆಗಳೂ ರದ್ದಾಗುತ್ತಿದ್ದವು.

ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಗ್ರಾಫ್‌ನ ಗೆರೆ ಹಿಡಿದು ಬಿಸಿ, ಗಾಳಿ, ಎತ್ತರ ಎಲ್ಲವನ್ನೂ ದಾಟಿ ಸರಿಯಾದ ತೂಕಕ್ಕೇ ಬಂದು ನಿಲ್ಲುತ್ತಿದ್ದ. 'ಹಾಗಾದರೆ ಎಷ್ಟು ಪ್ರಯಾಣಿಕರನ್ನು ಒಯ್ಯಬಹುದು?' ಎಂಬ ಕೊನೆಯ ಸಾಲಿಗೆ ಬಂದೊಡನೆ ಮಹಾಶಯನ ಬುದ್ಧಿ ಕೈಕೊಡುತ್ತಿತ್ತು. ಕಾದಿರುವವರು ಐವರು, ಒಯ್ಯಬಹುದಾದದ್ದು ನಾಲ್ವರನ್ನು ಎಂದಾದರೆ, ಆಪತ್ತಿಗೆಂದು ಮುಟ್ಟದೆ ಇಡಬೇಕಾದ ಮೀಸಲು ಇಂಧನದಲ್ಲಿ ಒಂದಿಷ್ಟು ಕತ್ತರಿಸಿ, ಐವರನ್ನೂ ಹತ್ತಿಸಿಕೊಂಡು ಹೊರಟುಬಿಡುತ್ತಿದ್ದ.

"ಏನಯ್ಯಾ, ಮೀಸಲು ಇಂಧನ ನಿಮ್ಮಪ್ಪನ ಮನೆ ಆಸ್ತೀನಾ, ಮನಸ್ಸಿಗೆ ಬಂದ ಹಾಗೆ ಹಂಚೋಕೆ?" ಎಂದು ಒಂದು ದಿನ ಹಾರಾಡಿದೆ.

"ಸ್ವಲ್ಪ ತಾನೇ ಮೇಡಂ ತೆಗೆದಿದ್ದು. ಹೇಗೋ ತಲುಪಿಬಿಡ್ತೀವಿ."

"ಹೇಗೋ ತಲುಪೋದೆಲ್ಲ ರಸ್ತೇಲಿ. ಮೇಲೆ ಇಂಧನ ಮುಗಿದ್ರೆ ಎಲ್ಲಿ ನಿಲ್ಲಿಸ್ತೀಯ? ಮೋಡದ ಪಕ್ಕದಲ್ಲಾ?"

ತರಗತಿ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ. ಎಲ್ಲರೂ ಹೋದ ಮೇಲೆ, ಉತ್ತರ ಅಳಿಸಿ ಬೆಂಚಿನ ಮೇಲೆ ಉದುರಿದ್ದ ರಬ್ಬರ್ ಪುಡಿಯನ್ನು ಅಂಗೈಗೆ ಗುಡಿಸಿಕೊಳ್ಳುತ್ತ ಹೇಳಿದ.

"ಒಂದ್ಸಲ ಬಸ್ಸು ಉರುಳಿತ್ತು ಮೇಡಂ. ಇಬ್ಬರನ್ನ ಹಿಂದೆ ಮಲಗಿಸಿ, ಮೂವರನ್ನ ಅವರ ಪಕ್ಕದಲ್ಲೇ ತುರುಕಿಕೊಂಡು ಹೋದೆ. ಜಾಗ ಇಲ್ಲ ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಈ ಲೆಕ್ಕದ ಉತ್ತರ ಗೊತ್ತು. ಅದನ್ನ ಆರಿಸೋಕೆ ಕೈ ಬರಲ್ಲ."

ನನ್ನ ಕೋಪವೆಲ್ಲ ಜರ್ರನೆ ಇಳಿದುಹೋಯಿತು. ಪಾಪ ಅನ್ನಿಸಿತು. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕಿತ್ತು.

"ಐದೂ ಜನರನ್ನ ಹತ್ತಿಸಿಕೊಂಡ್ರೆ ಒಬ್ಬರನ್ನೂ ತಲುಪಿಸಲ್ಲ ನೀನು. ಉಳಿದ ಒಬ್ಬರಿಗೆ ಇನ್ನೊಂದು ವಿಮಾನ ಬರುತ್ತೆ ಬಿಡು."

"ಬರುತ್ತಾ ಮೇಡಂ?"

ಲೆಕ್ಕದ ಪ್ರಶ್ನೆಯಲ್ಲಿ ಇನ್ನೊಂದು ವಿಮಾನದ ಮಾತೇ ಇರಲಿಲ್ಲ. ನಾನು ಬೋರ್ಡು ಒರೆಸಿದೆ.

ಪರೀಕ್ಷೆಯ ದಿನ, ಎಂದೂ ಹೋಗದವಳು ನಾನೂ ಪರೀಕ್ಷಾ ಕೇಂದ್ರಕ್ಕೆ ಹೋದೆ. ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಅವನ ಹೆಂಡತಿ, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಪರೀಕ್ಷೆ ಮುಗಿದೊಡನೆ ಫಲಿತಾಂಶ ಕಂಪ್ಯೂಟರಿನ ಮೇಲೆ ಬರುತ್ತದೆ. ಹೊರಬಂದವರ ಮುಖ ನೋಡಿದರೆ ಸಾಕು, ಕೇಳುವುದೇ ಬೇಡ. ಇವನ ಮುಖ ನೋಡಿ, ಈ ಸಲವೂ ಹೋಯಿತು ಎಂದುಕೊಂಡೆ.

"ಪಾಸು" ಎಂದ.

ಹೆಂಡತಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಹಾಗಾದ್ರೆ ಈ ಮೋರೆ ಯಾಕೆ? ಜೀವಾನೇ ಹೋದಂಗಾಯ್ತು!" ಎಂದು ಅಳುತ್ತ ನಕ್ಕಳು.

ಅವನು ಗೋಡೆಗೆ ಒರಗಿ ನಿಂತ. ಕಣ್ಣು ತುಂಬಿಕೊಂಡಿತ್ತು.

"ಆ ಲೆಕ್ಕ ಬಂದಿತ್ತು ಮೇಡಂ. ಐದು ಜನ ಕಾಯ್ತಾ ಇದ್ರು. ನಾಲ್ಕು ಅಂತ ಒತ್ತಿದೆ. ಒಬ್ಬರನ್ನ ಅಲ್ಲೇ ಬಿಟ್ಟು ಬಂದೆ."

ವರ್ಷಗಟ್ಟಲೆ ಇಂಥ ಲೆಕ್ಕ ಕೊಟ್ಟವಳು ನಾನೇ. ಹೆಂಡತಿ ನಗು ನಿಲ್ಲಿಸಿದಳು. ಅವನ ಕೈ ಹಿಡಿದುಕೊಂಡು, ವಾರ್ಡಿನಲ್ಲಿ ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು.

"ಯಾರನ್ನ?"

"ಗೊತ್ತಿಲ್ಲ ಕಣೇ" ಎಂದ. "ತೂಕ ಮಾತ್ರ ಕೊಟ್ಟಿದ್ರು."