ಶಮ್ಸಾಗೆ ಒಂದು ಬುಟ್ಟಿ ಖರ್ಜೂರ

ಗೆಳೆಯರೇ, ಶಮ್ಸಾ ಇಂದು ಮಧ್ಯಾಹ್ನ ಸತ್ತಳು. ಒಮಾನ್‌ನ ಸಹಮ್ ಊರಿನ ಈ ತೋಟದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಮೆರಿಕದ ಹೆಣ್ಣುಕುದುರೆ ಅವಳು. ವಂಶದಿಂದ ಬಂದ ಸ್ನಾಯುರೋಗ, ಪೊಟ್ಯಾಸಿಯಂ ಲವಣ ಹೆಚ್ಚಿರುವ ಮೇವು ತಿಂದರೆ ಮೈ ನಡುಗಿ ಕುಸಿಯುತ್ತಾಳೆ ಎಂದು ಫ್ಯಾಕ್ಸ್‌ನಲ್ಲಿ ವರದಿ ಬಂದಾಗ, ಗುಂಡಿಕ್ಕಲು ಹೊರಟ ತೋಟದ ಧಣಿ, ನನ್ನ ಕಫೀಲರ ಕೈಹಿಡಿದು ಬೇಡಿ ಉಳಿಸಿಕೊಂಡಿದ್ದೆ. ವರ್ಷವಿಡೀ ಆ ಲವಣ ಕರಗಿಹೋಗುವಂತೆ ನೀರಲ್ಲಿ ನೆನೆಸಿದ ಒಣಹುಲ್ಲನ್ನೇ ತಿನ್ನಿಸಿದೆ.

ಇಂದು ನಾನು ಊಟಕ್ಕೆ ಹೋದಾಗ ಅದೇ ಕಫೀಲರು ಬಂದು ಒಂದು ಬುಟ್ಟಿ ಖರ್ಜೂರ ತಿನ್ನಿಸಿದ್ದರು. ನಾನು ಓಡಿ ಬರುವಷ್ಟರಲ್ಲಿ ಅವಳು ಬಿದ್ದಿದ್ದಳು. ಡಾಕ್ಟರು ಬರುವ ಮೊದಲೇ ಉಸಿರು ನಿಂತಿತು.

“ಬಡಕಲಾಗಿದ್ದಾಳೆ ಅಂತ ಪ್ರೀತಿಯಿಂದ ಕೊಟ್ಟೆ, ಪ್ರಭಾಕರ್ ಭಾಯ್. ಖರ್ಜೂರ ಆಗೋದಿಲ್ಲ ಅಂತ ನೀನು ಹೇಳಲೇ ಇಲ್ಲವಲ್ಲ?” ಎಂದು ಕಫೀಲರು ಅತ್ತರು.

ಹೌದು. ಕುದುರೆಮೆಂತೆ ಸೊಪ್ಪು ಬೇಡ, ಬೆಲ್ಲ ಬೇಡ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದೆ. ಖರ್ಜೂರದಲ್ಲೂ ಅದೇ ಲವಣವಿದ್ದರೂ, ಅತಿಥಿಗೂ ದನಕ್ಕೂ ಅದನ್ನೇ ಕೊಡುವ ಒಮಾನ್‌ನಲ್ಲಿ ಕುಳಿತು ಖರ್ಜೂರ ಬೇಡ ಎಂದು ಬರೆಯಲು ನನಗೆ ಹೊಳೆಯಲೇ ಇಲ್ಲ.