ಹೊರಬಾಗಿಲು ತೋರಿಸುವ ಹನುಮಂತ

ನೋಯ್ಡಾದ ಹನುಮಂತ ವೆಬ್‌ಸೈಟುಗಳಿಗೆ ಬಾಡಿಗೆ ಜಾಗ ಕೊಡುವ ಆಸಾಮಿ. ಒಂದೇ ಸರ್ವರಿನಲ್ಲಿ ಸರೋಜಿನಿ ನಗರದ ಬಟ್ಟೆಯಂಗಡಿ, ಕೋಚಿಂಗ್ ಕ್ಲಾಸು, ಮದುವೆ ದಲ್ಲಾಳಿ ಎಲ್ಲರನ್ನೂ ಪಿಜಿ ಹುಡುಗರಂತೆ ತುರುಕಿದ್ದಾನೆ. ಮಾಹಿತಿ ಕೂಡಿಡಲು ಯಾವ ಡೇಟಾಬೇಸ್ ಹಾಕೋಣ ಎಂದು ಕೇಳಿದರೆ ಸಾಕು, ಚಹಾದ ಲೋಟ ಕೆಳಗಿಟ್ಟು ಶುರುಮಾಡುತ್ತಾನೆ: "ಪೋಸ್ಟ್‌ಗ್ರೆಸ್ ಗಟ್ಟಿ ಆಳು, ಆದ್ರೆ ಈ ಗೂಡಿಗೆ ಮಾರಿಯಾಡಿಬಿ ಸಾಕು. ಸರ್ವರ್ ಅಂದ್ರೆ ಪಿಜಿ ಅಡುಗೆಮನೆ ಇದ್ದಂಗೆ, ಎಲ್ಲರದ್ದು; ಒಬ್ಬನೇ ಒಲೆ ಹಿಡ್ಕೊಂಡು ಕೂತ್ರೆ ಒದ್ದು ಎಬ್ಬಿಸ್ತೀನಿ." ಗಿರಾಕಿ ಒಪ್ಪಿದರೂ ಕೂಡಲೇ ಒಳಗೆ ಬಿಡುವುದಿಲ್ಲ, ಮಾಹಿತಿಯನ್ನೆಲ್ಲ ಇಳಿಸಿಕೊಂಡು ಬೇರೆ ಕಂಪನಿಗೆ ಹೋಗುವುದು ಹೇಗೆಂದು ಮೊದಲು ಕಲಿಸುತ್ತಾನೆ. "ಗಿರಾಕಿಗೆ ಓಡೋದು ಕಲಿಸೋ ಅಂಗಡಿಯವ್ರು ನೀವೊಬ್ರೇ ಕಣ್ರೀ," ಎಂದು ಪಾಲುದಾರೆ ಸಂಯುಕ್ತಾ ಹಣೆ ಚಚ್ಚಿಕೊಳ್ಳುತ್ತಾಳೆ. ಮೊನ್ನೆ ಕನ್ನಡ ಸಂಘದ ಅಹಲ್ಯಾ, ಸಂಘದ ಹಳೇ ನಾಟಕಗಳನ್ನೆಲ್ಲ ವೆಬ್‌ಸೈಟಿಗೆ ಏರಿಸಲು ಬಂದವಳು, "ಬರೋಕೆ ಮುಂಚೆನೇ ಓಡಿಸ್ತೀರಲ್ರೀ!" ಎಂದು ರೇಗಿದಳು. ಹನುಮಂತ ಕೀಲಿಗೊಂಚಲಿನಲ್ಲಿ ನೇತಾಡುವ ಪೆನ್‌ಡ್ರೈವ್ ತೋರಿಸಿದ. "ಕಾಲೇಜಿನಲ್ಲಿದ್ದಾಗ ನಾವು ಮಾಡಿದ ಚಳವಳಿಯ ಹಾಡು, ಭಾಷಣ ಎಲ್ಲಾ ಇದ್ರಲ್ಲಿದೆ. ಇದನ್ನ ತೆರೆಯೋ ಸಾಫ್ಟ್‌ವೇರ್ ಒಂದೇ ಕಂಪನಿ ಕೈಲಿತ್ತು. ಕಂಪನಿ ಮುಚ್ಚಿಹೋಯ್ತು, ಈಗ ಒಂದು ಹಾಡೂ ತೆರೆಯೋಕಾಗಲ್ಲ. ಹಾಡಿದವರಲ್ಲಿ ಅರ್ಧ ಜನ ಈಗಿಲ್ಲ." ಅಹಲ್ಯಾ ಕುರ್ಚಿ ಎಳೆದುಕೊಂಡು ಕೂತಳು. "ಸರಿ, ಹೋಗೋದು ಹೇಗೆ ಅಂತ ಮೊದಲು ಹೇಳಿ."