ಆರೋಗ್ಯವಂತರ ಪಟ್ಟಿ

ನಮ್ಮ ಪಿಎಚ್‌ಡಿ ಗೈಡಿನಷ್ಟು ಮೈಗಳ್ಳನನ್ನ ನಾನು ಇನ್ನೆಲ್ಲೂ ಕಂಡಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮೇಲೆ ವರ್ಷಗಟ್ಟಲೆ ಭಾಷಣ ಬಿಗಿದುಕೊಂಡು ಬಂದ ಆಸಾಮಿ, ಒಂದೇ ಒಂದು ದಿನ ಕ್ಯಾಂಪಿಗೆ ಬಂದು ಒಬ್ಬ ಹೆಂಗಸಿನ ಮುಖ ನೋಡಿದವನಲ್ಲ. ಅವನಿಗೆ ಬೇಕಾಗಿದ್ದದ್ದು ಸ್ಯಾಂಪಲ್ಲು. ಅರ್ಧ ಕಾಯಿಲೆ ಇರೋರದ್ದು, ಅರ್ಧ ಏನೂ ಇಲ್ಲದೋರದ್ದು. ಕಾಯಿಲೆಯೋರು ಆಸ್ಪತ್ರೇಲಿ ಸಿಕ್ತಾರೆ. ಏನೂ ಇಲ್ಲದ ಹೆಂಗಸು ಸುಮ್ಮಸುಮ್ಮನೆ ಮಂಚ ಹತ್ತಿ ಕಾಲು ಮಡಚಿ ಮಲಗ್ತಾಳಾ? ಅವರನ್ನ ಹುಡುಕಿ ತರೋ ಕೆಲಸ ನನ್ನ ತಲೆಗೆ ಬಿತ್ತು.

ಜಂಗಮಕೋಟೇಲಿ ಕ್ಯಾಂಪ್ ಇಟ್ಟಾಗ ನಮ್ಮ ಚಿಕ್ಕಮ್ಮನ್ನ ಹಿಡಿದೆ. ಅಮ್ಮನ ತಂಗಿ, ರೇಷ್ಮೆ ಹುಳ ಸಾಕೋ ಮನೆ. ಐವತ್ತು ದಾಟಿ, ಮುಟ್ಟು ನಿಂತು ಮೂರು ವರ್ಷ ಆಗಿತ್ತು. ಹೊರೆಗಟ್ಟಲೆ ಸೊಪ್ಪು ಹೊತ್ತು ತರೋ ಗಟ್ಟಿ ಹೆಂಗಸು. "ನಿನ್ನ ಓದಿಗೆ ಬೇಕಾ ತಾಯಿ? ಹಂಗಾದ್ರೆ ತಗೋ" ಅಂತ ಬಂದು ಮಲಗಿದಳು. ನರ್ಸು ಸಣ್ಣ ಬ್ರಷ್ಷಲ್ಲಿ ಒಂದಿಷ್ಟು ಕೋಶ ತೆಗೆದುಕೊಟ್ಟರು. ನಾನು ಅವಳನ್ನ ಆರೋಗ್ಯವಂತರ ಪಟ್ಟಿಗೆ ಸೇರಿಸಿ, ಅಬ್ಬಾ, ಒಂದು ಸ್ಯಾಂಪಲ್ ಆಯ್ತು ಅಂದುಕೊಂಡೆ.

ನಾನು ಅದರಲ್ಲಿ ಹುಡುಕ್ತಿದ್ದದ್ದು ಟೆಲೊಮರೇಸ್ ಅನ್ನೋ ಕಿಣ್ವ. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದರೊಳಗಿನ ವರ್ಣತಂತುಗಳ ತುದಿ, ಬರೆದಷ್ಟೂ ಬಳಪ ಸವೆಯೋ ಹಾಗೆ, ಸವೀತಾ ಹೋಗುತ್ತೆ. ತೀರಾ ಗಿಡ್ಡ ಆದ ಮೇಲೆ ಕೋಶ ಒಡೆಯೋದನ್ನ ನಿಲ್ಲಿಸುತ್ತೆ. ಈ ಕಿಣ್ವ ಸವೆದ ತುದೀನ ಮತ್ತೆ ಬೆಳೆಸುತ್ತೆ. ಆರೋಗ್ಯವಾಗಿರೋ ಗರ್ಭಕೋಶದ ಬಾಯಲ್ಲಿ ಇದು ಇದ್ದೂ ಇಲ್ಲದ ಹಾಗಿರುತ್ತೆ. ಕ್ಯಾನ್ಸರಿನ ದಾರಿ ಹಿಡಿದ ಕೋಶಗಳಲ್ಲಿ ಸಾಮಾನ್ಯವಾಗಿ ಜೋರಾಗುತ್ತೆ, ಅವು ಸಾಯೋದನ್ನೇ ಮರೆತು ಬೆಳೀತಾ ಹೋಗ್ತವೆ.

ಏಳು ತಿಂಗಳಾದ ಮೇಲೆ ಫಲಿತಾಂಶ ಬಂತು. ಆರೋಗ್ಯವಂತರ ಸಾಲಲ್ಲಿ ಒಂದೇ ಒಂದು ಸ್ಯಾಂಪಲ್ಲು ಕ್ಯಾನ್ಸರಿನೋರ ಸಮಕ್ಕೆ ಎದ್ದು ನಿಂತಿತ್ತು. ನಂಬರ್ ನೋಡಿದರೆ ಚಿಕ್ಕಮ್ಮಂದು. ಗೈಡಿಗೆ ತೋರಿಸಿದೆ.

"ಅದೊಂದು ತೆಗೆದುಬಿಡಮ್ಮ, ಗ್ರಾಫ್ ಕೆಡುತ್ತೆ" ಅಂದ.

"ಸರ್, ಅವರು ನಮ್ಮ ಚಿಕ್ಕಮ್ಮ."

"ಹಂಗಾದ್ರೆ ಡಾಕ್ಟರ್ ಹತ್ರ ತೋರ್ಸು. ಇದೊಂದರಿಂದ ಏನೂ ಹೇಳಕ್ಕಾಗಲ್ಲ. ಗ್ರಾಫಿಂದ ಮಾತ್ರ ತೆಗಿ."

ಥೂ, ಇವನ ಜನ್ಮಕ್ಕಿಷ್ಟು ಅಂತ ಮನಸ್ಸಲ್ಲೇ ಉಗಿದು ಅವತ್ತೇ ಊರಿಗೆ ಬಸ್ ಹತ್ತಿದೆ.

ಅಲ್ಲಿ ಚಿಕ್ಕಪ್ಪನದು ಇನ್ನೊಂದು ಅವತಾರ. "ಹುಳ ನಾಲ್ಕನೇ ಜ್ವರದಲ್ಲಿ ಅವೆ, ಗೂಡು ಕಟ್ಟೋವರೆಗೂ ಇವಳು ಎಲ್ಲೂ ಬರಂಗಿಲ್ಲ" ಅಂದ. ಹುಳ ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಮಂಕಾಗೋದನ್ನ ನಮ್ಮ ಕಡೆ ಜ್ವರ ಅಂತಾರೆ. ಹುಳದ ಜ್ವರ ಲೆಕ್ಕ ಇಡೋ ಈ ಮಹಾನುಭಾವನಿಗೆ ಹೆಂಡತಿ ಬಿಳಿಚಿಕೊಂಡಿರೋದು ಕಂಡಿರಲಿಲ್ಲ. ಅವನ ಜೊತೆ ಮಾತಾಡೋದೇ ದಂಡ ಅನ್ನಿಸಿ, ಮಾರನೇ ದಿನ ಬೆಳಗ್ಗೆ ಚಿಕ್ಕಮ್ಮನ್ನ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ ಒಂದು ಚೂರು ಮಾಂಸ ತೆಗೆದು ಲ್ಯಾಬಿಗೆ ಕಳಿಸಿದರು.

ವಾರ ಬಿಟ್ಟು ಮತ್ತೆ ಹೋದಾಗ ರಿಪೋರ್ಟ್ ಬಂದಿತ್ತು. ಕ್ಯಾನ್ಸರ್ರೇ. ಮೊದಲೇ ಬಂದಿದ್ದರೆ ಸಣ್ಣದರಲ್ಲೇ ಮುಗೀತಿತ್ತೇನೋ, ಈಗ ರೇಡಿಯೇಷನ್ ಕೊಡಬೇಕಾಗುತ್ತೆ ಅಂದರು. "ಮುಟ್ಟು ನಿಂತ ಮೇಲೆ ರಕ್ತ ಏನಾದ್ರೂ ಹೋಗ್ತಿತ್ತಾ?" ಅಂತ ಕೇಳಿದರು.

"ವರ್ಷದಿಂದ ಆಗಾಗ ಕಾಣಿಸ್ಕೊಳ್ತಿತ್ತು ಡಾಕ್ಟ್ರಮ್ಮ" ಅಂದಳು ಚಿಕ್ಕಮ್ಮ. "ಮೈಲಿಗೇಲಿ ಹುಳದ ಮನೆ ಹೊಕ್ಕರೆ ಬೆಳೆ ಹಾಳಾಗುತ್ತೆ ಅಂತಾರಲ್ಲ, ಅದಕ್ಕೆ ಕ್ಯಾಂಪಲ್ಲಿ ಇವಳನ್ನ ಕೇಳ್ದೆ, ನಿಂತೋದ ಮೇಲೂ ಕಾಣಿಸ್ಕೊಂಡ್ರೆ ಒಳಗೆ ಹೋಗ್ಬೋದೇನೇ ಅಂತ. ಅದೆಲ್ಲ ಮೂಢನಂಬಿಕೆ, ಧೈರ್ಯವಾಗಿ ಹೋಗು ಅಂದ್ಳು."

ಹೌದು, ಅಂದಿದ್ದೆ. ತಲೆ ಕೂಡ ಎತ್ತಿರಲಿಲ್ಲ. ಈ ಹಳ್ಳಿಯೋರ ಬುದ್ಧಿ ಯಾವಾಗ ನೆಟ್ಟಗಾಗುತ್ತೋ ಅಂತ ಒಳಗೊಳಗೇ ನಕ್ಕು, ಅವಳ ಕ್ಯಾಂಪ್ ಫಾರಂನಲ್ಲಿ ರಕ್ತಸ್ರಾವದ ಪ್ರಶ್ನೆಗೆ 'ಇಲ್ಲ' ಅಂತ ಬರೆದಿದ್ದೆ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀವೇನಮ್ಮ ಓದಿರೋದು?" ಅಂದರು.

ಚಿಕ್ಕಮ್ಮನೇ ಹೇಳಿದಳು: "ಇದೇ ಕಾಯಿಲೆ ಮೇಲೇ ಓದ್ತಾ ಅವಳೆ ಡಾಕ್ಟ್ರಮ್ಮ. ನಮ್ಮ ವಂಶದಲ್ಲೇ ಇಷ್ಟು ಓದಿರೋಳು ಇವಳೊಬ್ಬಳೇ."